ಮನೆಯಲ್ಲೇ ವೆಬ್ ಸರ್ವರ್: ಕಲಿಯುವವರು ಅದನ್ನು ಕಟ್ಟುವ ಕ್ರಮ

ವೆಬ್ ಸರ್ವರ್ ಎಂದೊಡನೆ ತಂಪು ಕೋಣೆಯಲ್ಲಿ ಸಾಲುಗಟ್ಟಿ ನಿಂತ ಯಂತ್ರಗಳು ನೆನಪಾಗುವುದು ಸಹಜವಾದರೂ, ಆ ಹೆಸರು ಮೂಲತಃ ಸಲ್ಲುವುದು ಒಂದು ಪ್ರೋಗ್ರಾಮಿಗೆ. ಯಾವುದೋ ಒಂದು ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನಿಂದ ಬರುವ ಸಂಪರ್ಕಗಳಿಗೆಂದು ಸಂಖ್ಯೆ ಕೊಟ್ಟಿಟ್ಟ ಬಾಗಿಲಿನಲ್ಲಿ, ಕಾದು ಕುಳಿತು, ಬ್ರೌಸರ್ ಕಳುಹಿಸಿದ ಕೋರಿಕೆಯನ್ನು ಓದಿ, ಅದಕ್ಕೆ ತಕ್ಕ ಫೈಲನ್ನೋ ದೋಷಸಂದೇಶವನ್ನೋ ಹಿಂದಿರುಗಿಸುವುದು ಅದರ ಕೆಲಸ. ಆ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ನಡೆಸಿದ ಮೊತ್ತಮೊದಲ ವೆಬ್ ಸರ್ವರ್ ಇದ್ದದ್ದು ಅವರು ದಿನವೂ ಬಳಸುತ್ತಿದ್ದ ನೆಕ್ಸ್ಟ್ ಕಂಪ್ಯೂಟರಿನಲ್ಲಿಯೇ. ಅದನ್ನು ಯಾರೂ ಆರಿಸಬಾರದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅದರ ಮೈಗೆ ಅಂಟಿಸಲಾಗಿತ್ತು.

ಬಾಡಿಗೆಗೆ ಸಿಗುವ ಸರ್ವರುಗಳ ಈ ಕಾಲದಲ್ಲಿ ಮನೆಯಲ್ಲಿಯೇ ಒಂದನ್ನು ಕಟ್ಟುವುದರಿಂದ ಬರುವ ಲಾಭ ಹಣದ ಉಳಿತಾಯವಲ್ಲ. ಬಾಡಿಗೆಯ ಸರ್ವರಿನಲ್ಲಿ ವಿಳಾಸ, ರೂಟರ್, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್, ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಗಳೆಲ್ಲವನ್ನೂ ಬೇರೆ ಯಾರೋ ಹೊಂದಿಸಿಟ್ಟಿರುತ್ತಾರೆ. ಪುಟ ತೆರೆಯದಿದ್ದಾಗ ಅದು ಯಾವ ಹಂತದಲ್ಲಿ ನಿಂತಿತೆಂದು ಕಲಿಯುವವನಿಗೆ ಕಾಣುವುದಿಲ್ಲ. ಮನೆಯಲ್ಲಾದರೆ ಕೋರಿಕೆ ಹೊರಟ ಬ್ರೌಸರಿನಿಂದ ಉತ್ತರ ಕೊಟ್ಟ ಪ್ರೋಗ್ರಾಮಿನವರೆಗೆ ಇಡೀ ದಾರಿ ನಮ್ಮ ಕೈಯಲ್ಲಿಯೇ ಇರುತ್ತದೆ. ಆದ್ದರಿಂದ ಈ ಬರಹದಲ್ಲಿ ಅನುಸರಿಸಿರುವ ಕ್ರಮವೂ ಆ ದಾರಿಯದೇ: ಮೊದಲು ಒಂದೇ ಯಂತ್ರದೊಳಗೆ, ಆಮೇಲೆ ಮನೆಯ ನೆಟ್‌ವರ್ಕಿನೊಳಗೆ, ಅಂತರಜಾಲಕ್ಕೆ ತೆರೆಯುವುದು ಕಟ್ಟಕಡೆಗೆ. ಕೊನೆಯ ಹಂತಕ್ಕೆ ಹೋಗದೆಯೂ ಕಲಿಯಬೇಕಾದುದರಲ್ಲಿ ಹೆಚ್ಚಿನ ಪಾಲನ್ನು ಕಲಿಯಬಹುದು ಎಂಬುದು ನನ್ನ ಅಭಿಪ್ರಾಯ.

ಯಂತ್ರ ಮತ್ತು ಕಾರ್ಯಾಚರಣ ವ್ಯವಸ್ಥೆ

ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪ್, ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ, ಅಥವಾ ಈಗ ಬಳಸುತ್ತಿರುವ ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದ ನಡೆಸುವ ವರ್ಚುವಲ್ ಯಂತ್ರ, ಈ ಮೂರರಲ್ಲಿ ಯಾವುದಾದರೂ ಆಗಬಹುದು. ಚಿತ್ರಾತ್ಮಕ ಪರದೆಯಿಲ್ಲದ ಲಿನಕ್ಸ್ ಮತ್ತು ಕೆಲವು ಸ್ಥಿರ ಪುಟಗಳಿಗೆ 1 ಜಿಬಿ ಮೆಮೊರಿ ಸಾಕಾಗುತ್ತದೆ. 2 ಜಿಬಿ ಇದ್ದರೆ ಚಿಕ್ಕ ಡೇಟಾಬೇಸನ್ನೂ ಜೊತೆಗಿಡಬಹುದು. ಲ್ಯಾಪ್‌ಟಾಪಿಗೆ ಒಂದು ಅನುಕೂಲವಿದೆ: ವಿದ್ಯುತ್ ಹೋದಾಗ ಅದರ ಬ್ಯಾಟರಿಯೇ ಆಸರೆಯಾಗುತ್ತದೆ. ಆದರೆ ವರ್ಷಗಟ್ಟಲೆ ಚಾರ್ಜಿನಲ್ಲಿಯೇ ಇರುವ ಹಳೆಯ ಬ್ಯಾಟರಿ ಉಬ್ಬಿಕೊಳ್ಳಬಹುದು. ಉಬ್ಬಿದ ಲಕ್ಷಣ ಕಂಡರೆ ಅದನ್ನು ಬಳಸುವುದನ್ನೇ ನಿಲ್ಲಿಸಬೇಕು. ಮುಚ್ಚಳ ಮುಚ್ಚಿದೊಡನೆ ಲ್ಯಾಪ್‌ಟಾಪ್ ನಿದ್ರೆಗೆ ಜಾರುವುದು ಇನ್ನೊಂದು ತೊಡಕು. ಸೇವೆಗಳನ್ನು ಎಬ್ಬಿಸಿ ನಿಭಾಯಿಸುವ ಸಿಸ್ಟಮ್‌ಡಿ ಪ್ರೋಗ್ರಾಮನ್ನು ಬಳಸುವ ಲಿನಕ್ಸುಗಳಲ್ಲಿ, ಅದರ ಭಾಗವಾದ ಲಾಗಿನ್‌ಡಿಯ ಕಾನ್ಫಿಗರೇಶನ್ ಫೈಲಿನಲ್ಲಿರುವ ಹ್ಯಾಂಡಲ್ ಲಿಡ್ ಸ್ವಿಚ್ ಎಂಬ ಸಾಲಿಗೆ ಇಗ್ನೋರ್ ಎಂಬ ಬೆಲೆ ಕೊಟ್ಟರೆ ಅದು ಪರಿಹಾರವಾಗುತ್ತದೆ. ರಾಸ್ಪ್‌ಬೆರಿ ಪೈಯಲ್ಲಾದರೆ ಗಮನಿಸಬೇಕಾದದ್ದು ಮೆಮೊರಿ ಕಾರ್ಡು. ಸರ್ವರ್ ತನ್ನ ಲಾಗುಗಳನ್ನು, ಅಂದರೆ ನಡೆದುದರ ದಾಖಲೆಗಳನ್ನು, ಅದರ ಮೇಲೆ ನಿರಂತರವಾಗಿ ಬರೆಯುವುದರಿಂದ ಅದು ಬೇಗ ಸವೆಯುತ್ತದೆ.

ವರ್ಚುವಲ್ ಯಂತ್ರವನ್ನು ಆರಿಸಿಕೊಳ್ಳುವವರು ಅದರ ನೆಟ್‌ವರ್ಕನ್ನು ಬ್ರಿಡ್ಜ್ ವಿಧಾನದಲ್ಲಿಡಬೇಕು. ಹಾಗೆ ಇಟ್ಟಾಗ ಮಾತ್ರ ಅದು ಮನೆಯ ರೂಟರಿನಿಂದ ತನ್ನದೇ ವಿಳಾಸ ಪಡೆದು, ಪ್ರತ್ಯೇಕ ಯಂತ್ರದಂತೆ ಕಾಣಿಸಿಕೊಳ್ಳುತ್ತದೆ. ಕೆಡಿಸಿದ್ದನ್ನು ಕ್ಷಣದಲ್ಲಿ ಹಿಂದಿನ ಸ್ಥಿತಿಗೆ ತರುವ ಸ್ನ್ಯಾಪ್‌ಶಾಟ್ ಸೌಲಭ್ಯ ಇದರ ದೊಡ್ಡ ಗುಣ. ಧೈರ್ಯವಾಗಿ ಪ್ರಯೋಗ ಮಾಡಲು ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ಕಾರ್ಯಾಚರಣ ವ್ಯವಸ್ಥೆಯಾಗಿ ಡೆಬಿಯನ್ ಅಥವಾ ಉಬುಂಟು ಸರ್ವರ್ ಸಾಕು. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿ ಎರಡು ವರ್ಷಕ್ಕೊಮ್ಮೆ ಹೊರಬರುತ್ತದೆ ಮತ್ತು ಅದಕ್ಕೆ ಐದು ವರ್ಷಗಳ ಕಾಲ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಅನುಸ್ಥಾಪನೆಯ ವೇಳೆ, ಇನ್ನೊಂದು ಕಂಪ್ಯೂಟರಿನಿಂದ ಈ ಯಂತ್ರಕ್ಕೆ ಆದೇಶ ಕೊಡಲು ಬೇಕಾದ ಓಪನ್‌ಎಸ್‌ಎಸ್‌ಎಚ್ ಸರ್ವರ್ ಬೇಕೇ ಎಂದು ಕೇಳಿದಾಗ ಬೇಕೆಂದು ಗುರುತು ಹಾಕಿ. ಚಿತ್ರಾತ್ಮಕ ಪರದೆಯನ್ನು ಬಿಟ್ಟುಬಿಡಿ. ಇನ್ನು ಮುಂದೆ ಈ ಯಂತ್ರದ ಕೀಲಿಮಣೆ ಮುಟ್ಟುವ ಅಗತ್ಯ ಅಪರೂಪವಾಗುತ್ತದೆ. ಸಾಧ್ಯವಿದ್ದರೆ ಅದನ್ನು ವೈಫೈ ಬದಲು ಕೇಬಲಿನ ಮೂಲಕವೇ ರೂಟರಿಗೆ ಜೋಡಿಸಿ.

ಒಂದೇ ಆದೇಶದ ಸರ್ವರ್

ದೊಡ್ಡ ಪ್ರೋಗ್ರಾಮನ್ನು ಹಾಕಿಕೊಳ್ಳುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡಬೇಕು. ಪೈಥಾನ್ 3ರ ಜೊತೆಗೆ ಎಚ್‌ಟಿಟಿಪಿ ಡಾಟ್ ಸರ್ವರ್ ಎಂಬ ಮಾಡ್ಯೂಲ್ ಬಂದೇ ಇರುತ್ತದೆ. ಹೊಸ ಫೋಲ್ಡರೊಂದರಲ್ಲಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಹೆಸರಿನ ಫೈಲಿಟ್ಟು, ಟರ್ಮಿನಲ್ಲಿನಲ್ಲಿ ಅದೇ ಫೋಲ್ಡರಿಗೆ ಹೋಗಿ, ಪೈಥಾನಿಗೆ ಎಂ ಆಯ್ಕೆಯೊಡನೆ ಆ ಮಾಡ್ಯೂಲಿನ ಹೆಸರು ಕೊಟ್ಟರೆ ಸಾಕು, 8000ನೆಯ ಪೋರ್ಟಿನಲ್ಲಿ ಸರ್ವರ್ ಎದ್ದು ನಿಲ್ಲುತ್ತದೆ. ಅದೇ ಯಂತ್ರದ ಬ್ರೌಸರಿನಲ್ಲಿ 127.0.0.1:8000 ಎಂದು ತೆರೆದರೆ ನಿಮ್ಮ ಪುಟ ಕಾಣುತ್ತದೆ. ಪರದೆಯಿಲ್ಲದ ಯಂತ್ರವಾಗಿದ್ದರೆ ಟರ್ಮಿನಲ್ಲಿನಿಂದಲೇ ಪುಟ ತರಿಸುವ ಕರ್ಲ್ ಆದೇಶಕ್ಕೆ ಅದೇ ವಿಳಾಸ ಕೊಟ್ಟು ನೋಡಬಹುದು. ಪ್ರತಿ ಕೋರಿಕೆ ಬಂದಾಗಲೂ ಟರ್ಮಿನಲ್ಲಿನಲ್ಲಿ ಒಂದು ಸಾಲು ಮೂಡುವುದನ್ನು ಗಮನಿಸಿ. ನೀವು ಕೇಳದಿದ್ದರೂ ಫ್ಯಾವಿಕಾನ್ ಎಂಬ ಚಿತ್ರವೊಂದಕ್ಕೆ ಕೋರಿಕೆ ಬಂದು, ಅದಕ್ಕೆ 404, ಅಂದರೆ ಕೇಳಿದ್ದು ಇಲ್ಲಿಲ್ಲ, ಎಂಬ ಉತ್ತರ ಹೋಗಿರುವುದು ಅಲ್ಲಿ ಕಾಣಬಹುದು. ಅದು ಪುಟದ ಹೆಸರಿನ ಪಕ್ಕದಲ್ಲಿ ತೋರಿಸುವ ಪುಟ್ಟ ಚಿಹ್ನೆಗಾಗಿ ಬ್ರೌಸರ್ ತಾನಾಗಿಯೇ ಮಾಡಿದ ಕೋರಿಕೆ, ಗಾಬರಿಯಾಗಬೇಕಾದದ್ದಿಲ್ಲ.

ಇಲ್ಲಿಯೇ ಎರಡು ಪ್ರಶ್ನೆಗಳು ಏಳಬೇಕು. ಪೋರ್ಟ್ 8000 ಏಕೆ, 80 ಏಕಲ್ಲ? ಪೋರ್ಟಿನ ಸಂಖ್ಯೆ 65535ರವರೆಗೆ ಹೋಗಬಹುದಾದರೂ, 1024ಕ್ಕಿಂತ ಕೆಳಗಿನವನ್ನು ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರ ತೆರೆಯಲಾರ, ಆಡಳಿತದ ಅಧಿಕಾರ ಬೇಕು. ವೆಬ್ಬಿನ ರೂಢಿಯ ಪೋರ್ಟುಗಳಾದ 80 ಮತ್ತು 443 ಆ ಗಡಿಯೊಳಗೇ ಬರುತ್ತವೆ. ಎರಡನೆಯದು, 127.0.0.1 ಯಾರ ವಿಳಾಸ? ಅದು ಯಾವ ಯಂತ್ರದಲ್ಲಿ ಬಳಸಿದರೂ ಆ ಯಂತ್ರವನ್ನೇ ಸೂಚಿಸುವ ವಿಳಾಸ. ಫೋನಿನಲ್ಲಿ ಅದನ್ನು ತೆರೆದರೆ ಫೋನು ತನ್ನನ್ನೇ ಕೇಳಿಕೊಳ್ಳುತ್ತದೆ, ನಿಮ್ಮ ಸರ್ವರನ್ನಲ್ಲ. ಒಂದು ಪ್ರೋಗ್ರಾಮು 127.0.0.1ರಲ್ಲಿ ಮಾತ್ರ ಕಾದಿದ್ದರೆ ಹೊರಗಿನ ಯಾವ ಯಂತ್ರವೂ ಅದನ್ನು ಮುಟ್ಟಲಾರದು, 0.0.0.0 ಎಂದು ತೋರಿಸಿದರೆ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಅದು ಕಾದಿದೆ ಎಂದರ್ಥ. ಮುಂದೆ ಎದುರಾಗುವ ತೊಂದರೆಗಳಲ್ಲಿ ಅನೇಕವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆಯಾದ್ದರಿಂದ, ಎಸ್‌ಎಸ್ ಎಂಬ ಆದೇಶವನ್ನು ಟಿ, ಎಲ್, ಎನ್, ಪಿ ಆಯ್ಕೆಗಳೊಡನೆ ನಡೆಸಿ, ಯಾವ ಪ್ರೋಗ್ರಾಮು ಯಾವ ವಿಳಾಸದ ಯಾವ ಪೋರ್ಟಿನಲ್ಲಿ ಕಾದಿದೆ ಎಂಬುದನ್ನು ಓದುವ ಅಭ್ಯಾಸ ಈಗಲೇ ಆಗಲಿ.

ಈ ಪುಟ್ಟ ಸರ್ವರ್ ಅಭ್ಯಾಸಕ್ಕೆ ಮಾತ್ರ. ಅದನ್ನು ನಿಜವಾದ ಬಳಕೆಗೆ ಇಡಬಾರದೆಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ.

ಬದಲಾಗದ ವಿಳಾಸ

ಐಪಿ ಅಡ್ರೆಸ್ ಎಂಬ ಆದೇಶ ಕೊಟ್ಟರೆ ಮನೆಯ ರೂಟರ್ ಈ ಯಂತ್ರಕ್ಕೆ ಕೊಟ್ಟ ವಿಳಾಸ ತಿಳಿಯುತ್ತದೆ. ಸಾಮಾನ್ಯವಾಗಿ ಅದು 192.168ರಿಂದ ಆರಂಭವಾಗುತ್ತದೆ, 10ರಿಂದ ಅಥವಾ 172.16ರಿಂದ 172.31ರವರೆಗಿನ ಸಂಖ್ಯೆಗಳಿಂದಲೂ ಆರಂಭವಾಗಬಹುದು. ಇವು ಖಾಸಗಿ ನೆಟ್‌ವರ್ಕುಗಳಿಗೆಂದೇ ಮೀಸಲಿಟ್ಟ ವಿಳಾಸಗಳು, ಅಂತರಜಾಲದಲ್ಲಿ ನೇರವಾಗಿ ಸಲ್ಲುವುದಿಲ್ಲ. ರೂಟರ್ ಇದನ್ನು ಎರವಲಾಗಿ ಕೊಟ್ಟಿರುವುದರಿಂದ ನಾಳೆ ಬದಲಾಗಲೂಬಹುದು. ಬದಲಾಗದಂತೆ ಮಾಡಲು ಯಂತ್ರದಲ್ಲಿಯೇ ವಿಳಾಸ ಬರೆದಿಡುವವರಿದ್ದಾರೆ. ಆದರೆ ರೂಟರಿಗೆ ಅದು ತಿಳಿಯದೆ, ಅದೇ ವಿಳಾಸವನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಎರಡೂ ಪರದಾಡುವ ಸಂಭವವಿರುತ್ತದೆ. ಅದಕ್ಕಿಂತ ರೂಟರಿನ ಆಡಳಿತ ಪುಟಕ್ಕೆ ಹೋಗಿ, ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗದಲ್ಲಿ, ಸರ್ವರಿನ ನೆಟ್‌ವರ್ಕ್ ಯಂತ್ರಾಂಶದ ಗುರುತಾದ ಮ್ಯಾಕ್ ವಿಳಾಸಕ್ಕೆ ಸದಾ ಇದೇ ಐಪಿ ವಿಳಾಸ ಎಂದು ಕಾಯ್ದಿರಿಸುವುದು ಒಳ್ಳೆಯದು. ಮುಂದಿನ ಉದಾಹರಣೆಗಳಲ್ಲಿ ಆ ವಿಳಾಸ 192.168.1.50 ಎಂದಿಟ್ಟುಕೊಳ್ಳೋಣ.

ಇಲ್ಲಿಂದ ಮುಂದೆ ಎಲ್ಲ ಕೆಲಸವೂ ಎಸ್‌ಎಸ್‌ಎಚ್ ಮೂಲಕ ನಡೆಯಲಿ. ನಿಮ್ಮ ದಿನಬಳಕೆಯ ಕಂಪ್ಯೂಟರಿನಲ್ಲಿ ಇಡಿ25519 ಬಗೆಯ ಕೀಲಿಜೋಡಿಯನ್ನು ಸೃಷ್ಟಿಸಿ, ಅದರ ಸಾರ್ವಜನಿಕ ಭಾಗವನ್ನು ಎಸ್‌ಎಸ್‌ಎಚ್-ಕಾಪಿ-ಐಡಿ ಆದೇಶದಿಂದ ಸರ್ವರಿಗೆ ಕಳುಹಿಸಿ. ಕೀಲಿಯಿಂದ ಪ್ರವೇಶ ಸಿಕ್ಕಿತೆಂದು ಖಚಿತವಾದ ಮೇಲೆ ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನು ಮುಚ್ಚಿ. ಇಂಥ ಬದಲಾವಣೆ ಮಾಡುವಾಗಲೆಲ್ಲ ಈಗಿರುವ ಸಂಪರ್ಕವನ್ನು ಕಡಿಯದೆ, ಇನ್ನೊಂದು ಟರ್ಮಿನಲ್ ತೆರೆದು ಅದರಿಂದ ಪ್ರವೇಶವಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಹೊಸದು ಸೋತರೆ ಹಳೆಯದರಿಂದ ತಿದ್ದಬಹುದು.

ನಿಜವಾದ ಸರ್ವರ್

ಆಯ್ಕೆಗೆ ಮೂರು ಹೆಸರುಗಳು ಮುಖ್ಯ. 1995ರಿಂದ ಇರುವ ಅಪಾಚೆ ಎಲ್ಲಕ್ಕಿಂತ ಹಳೆಯದು. ಪ್ರತಿ ಫೋಲ್ಡರಿನಲ್ಲಿಯೂ ಬೇರೆಬೇರೆ ನಿಯಮಗಳನ್ನಿಡುವ ಎಚ್‌ಟಿಆ್ಯಕ್ಸೆಸ್ ಫೈಲಿನ ಸೌಲಭ್ಯ ಅದರದು. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್, ಸಾವಿರಾರು ಸಂಪರ್ಕಗಳನ್ನು ಕಡಿಮೆ ಮೆಮೊರಿಯಲ್ಲಿ ಏಕಕಾಲಕ್ಕೆ ನಿಭಾಯಿಸಲೆಂದು ರೂಪುಗೊಂಡದ್ದು. ಕ್ಯಾಡಿ ಈಚಿನದು, ಪ್ರಮಾಣಪತ್ರಗಳನ್ನು ತಾನೇ ತಂದು ಹೊಂದಿಸಿಕೊಳ್ಳುವಷ್ಟು ಅನುಕೂಲಕರ. ಆದರೆ ಆ ಅನುಕೂಲವೇ ಕಲಿಯುವವನು ನೋಡಬೇಕಾದುದನ್ನು ಮರೆಮಾಡುವುದರಿಂದ, ಅದನ್ನು ಎರಡನೆಯ ಸರ್ವರಿಗೆ ಇಟ್ಟುಕೊಳ್ಳುವುದು ಲೇಸು. ಇಲ್ಲಿ ಎಂಜಿನ್‌ಎಕ್ಸ್ ಹಿಡಿದು ಮುಂದುವರಿಯೋಣ.

ಸುಡೊ ಆದೇಶ ಕೊಡುವ ಆಡಳಿತದ ಅಧಿಕಾರದೊಡನೆ ಮೊದಲು ಆಪ್ಟ್ ಅಪ್‌ಡೇಟ್, ಆಮೇಲೆ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್ ಎಂಬ ಎರಡು ಆದೇಶಗಳಿಗೆ ಅದು ಬಂದು ಕೂರುತ್ತದೆ. ಡೆಬಿಯನ್ ಬಳಗದ ವ್ಯವಸ್ಥೆಗಳಲ್ಲಿ ತಾನಾಗಿಯೇ ಚಾಲೂ ಆಗುತ್ತದೆ, ಯಂತ್ರ ಮರುಚಾಲನೆಯಾದಾಗಲೂ ಏಳುತ್ತದೆ. ಮನೆಯ ಇನ್ನೊಂದು ಕಂಪ್ಯೂಟರಿನಿಂದ 192.168.1.50 ತೆರೆದರೆ ಸ್ವಾಗತದ ಪುಟ ಕಾಣಬೇಕು. ಕಾಣದಿದ್ದರೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂಜಿನ್‌ಎಕ್ಸ್ ಏನು ಹೇಳುತ್ತದೆಂದು ನೋಡಿ. ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೂರು ಅಲ್ಲಿದ್ದರೆ, ಹಿಂದೆ ಎಂದೋ ಹಾಕಿದ್ದ ಅಪಾಚೆ 80ನೆಯ ಪೋರ್ಟನ್ನು ಹಿಡಿದಿರುವ ಸಂಭವವೇ ಹೆಚ್ಚು. ಸರ್ವರ್ ಚೆನ್ನಾಗಿದ್ದು ಫೋನಿನಿಂದ ಮಾತ್ರ ಪುಟ ತೆರೆಯದಿದ್ದರೆ, ಫೋನು ಅತಿಥಿಗಳ ವೈಫೈಗೆ ಸೇರಿಕೊಂಡಿದೆಯೇ ಎಂದು ಪರೀಕ್ಷಿಸಿ. ಅಲ್ಲಿರುವ ಯಂತ್ರಗಳನ್ನು ಮನೆಯ ಉಳಿದ ಯಂತ್ರಗಳಿಂದ ರೂಟರುಗಳು ಬೇರೆಯಾಗಿಡುತ್ತವೆ.

ಪುಟಗಳಿರುವ ಜಾಗ ಮೂಲ ಡೈರೆಕ್ಟರಿಯಲ್ಲಿನ ವಾರ್ ಎಂಬ ಫೋಲ್ಡರಿನೊಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಅದರೊಳಗಿನ ಎಚ್‌ಟಿಎಂಎಲ್. ನಿಮ್ಮ ಇಂಡೆಕ್ಸ್ ಫೈಲನ್ನು ಅಲ್ಲಿಡಿ. ಪುಟದಲ್ಲಿ ಕನ್ನಡ ಬರೆದಿದ್ದು, ತೆರೆದಾಗ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡರೆ, ಅಕ್ಷರಸಂಕೇತ ಯುಟಿಎಫ್-8 ಎಂದು ಬ್ರೌಸರಿಗೆ ತಿಳಿದಿಲ್ಲವೆಂದರ್ಥ. ಪುಟದ ತಲೆಭಾಗದ ಮೆಟಾ ಸಾಲಿನಲ್ಲಾಗಲಿ, ಎಂಜಿನ್‌ಎಕ್ಸಿನ ಕಾನ್ಫಿಗರೇಶನ್ನಿನ ಚಾರ್‌ಸೆಟ್ ಸಾಲಿನಲ್ಲಾಗಲಿ ಅದನ್ನು ಹೇಳಬೇಕು. ಎರಡನೆಯದನ್ನು ಮಾಡಿ, ಉತ್ತರದ ತಲೆಬರಹದಲ್ಲಿ, ಅಂದರೆ ಪುಟಕ್ಕೂ ಮೊದಲು ಬರುವ ವಿವರಗಳ ಸಾಲುಗಳಲ್ಲಿ, ಆ ಮಾಹಿತಿ ಸೇರಿಕೊಂಡುದನ್ನು ಕರ್ಲ್ ಆದೇಶಕ್ಕೆ ದೊಡ್ಡ ಐ ಆಯ್ಕೆ ಕೊಟ್ಟು ನೋಡುವುದು ಹೆಚ್ಚು ಪಾಠ ಕಲಿಸುತ್ತದೆ.

ಎಂಜಿನ್‌ಎಕ್ಸಿನ ಮುಖ್ಯ ಪ್ರಕ್ರಿಯೆ ಆಡಳಿತದ ಅಧಿಕಾರದಿಂದ ಎದ್ದು 80ನೆಯ ಪೋರ್ಟನ್ನು ತೆರೆಯುತ್ತದಾದರೂ, ಕೋರಿಕೆಗಳಿಗೆ ಉತ್ತರ ಕೊಡುವ ಕೆಲಸವನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂಬ ಅಧಿಕಾರವಿಲ್ಲದ ಬಳಕೆದಾರನ ಹೆಸರಿನಲ್ಲಿ ಓಡುವ ಪ್ರಕ್ರಿಯೆಗಳಿಗೆ ಒಪ್ಪಿಸುತ್ತದೆ. ಸರ್ವರಿನಲ್ಲಿ ಲೋಪವಿದ್ದು ಯಾರಾದರೂ ಒಳನುಗ್ಗಿದರೂ ಇಡೀ ಯಂತ್ರ ಅವರ ವಶವಾಗದಿರಲಿ ಎಂಬುದು ಇದರ ಉದ್ದೇಶ. ಹೊಸಬರನ್ನು ಬಹಳ ಕಾಡುವ 403, ಅಂದರೆ ಅನುಮತಿಯಿಲ್ಲ, ಎಂಬ ಉತ್ತರದ ಮೂಲವೂ ಇದೇ. ಫೈಲಿಗೆ 644 ಎಂಬ ಓದುವ ಅನುಮತಿ ಇದ್ದ ಮಾತ್ರಕ್ಕೆ ಸಾಲದು. ಅದನ್ನು ತಲುಪುವ ದಾರಿಯ ಪ್ರತಿಯೊಂದು ಫೋಲ್ಡರನ್ನೂ ದಾಟಿ ಹೋಗುವ ಅನುಮತಿ ಆ ಬಳಕೆದಾರನಿಗೆ ಇರಬೇಕು. ಉಬುಂಟುವಿನಲ್ಲಿ 21.04 ಆವೃತ್ತಿಯಿಂದೀಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರಿಗೆ ಹೊರಗಿನವರನ್ನು ಒಳಬಿಡದ 750 ಎಂಬ ಅನುಮತಿ ಇರುವುದರಿಂದ, ಪುಟಗಳನ್ನು ಹೋಮ್ ಫೋಲ್ಡರಿನೊಳಗಿಟ್ಟು ಎಂಜಿನ್‌ಎಕ್ಸಿಗೆ ದಾರಿ ತೋರಿಸಿದರೆ 403 ಖಚಿತ. ಆಗ ಸಿಟ್ಟಿನಿಂದ ಎಲ್ಲದಕ್ಕೂ 777 ಕೊಟ್ಟುಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಯಾರು ಬೇಕಾದರೂ ಬರೆಯಲು ಬಿಡುವ ಅನುಮತಿ, ರೋಗಕ್ಕಿಂತ ಕೆಟ್ಟ ಮದ್ದು. ನೇಮ್‌ಐ ಎಂಬ ಆದೇಶಕ್ಕೆ ಎಲ್ ಆಯ್ಕೆಯೊಡನೆ ಫೈಲಿನ ಪೂರ್ಣ ದಾರಿ ಕೊಟ್ಟರೆ ಪ್ರತಿ ಹಂತದ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ, ತಡೆ ಎಲ್ಲಿದೆಯೆಂದು ಆಗ ತಾನಾಗಿ ಕಾಣುತ್ತದೆ.

ಕೈಯಿಂದ ಬರೆದ ಕೋರಿಕೆ

ಈ ಒಂದು ಪ್ರಯೋಗವನ್ನು ಯಾರೂ ಬಿಡಬಾರದು. ನೆಟ್‌ಕ್ಯಾಟ್ ಪ್ರೋಗ್ರಾಮಿನಿಂದ 192.168.1.50ರ 80ನೆಯ ಪೋರ್ಟಿಗೆ ಸಂಪರ್ಕ ಬೆಳೆಸಿ, ದೊಡ್ಡಕ್ಷರಗಳಲ್ಲಿ ಗೆಟ್, ಒಂದು ಜಾಗ ಬಿಟ್ಟು ಓರೆಗೆರೆ, ಮತ್ತೊಂದು ಜಾಗ ಬಿಟ್ಟು ಎಚ್‌ಟಿಟಿಪಿ, ಓರೆಗೆರೆ, 1.1 ಎಂದು ಬೆರಳಚ್ಚಿಸಿ ಎಂಟರ್ ಒತ್ತಿ. ಎರಡನೆಯ ಸಾಲಿನಲ್ಲಿ ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, ವಿಳಾಸ ಕೊಡಿ. ಮೂರನೆಯ ಸಾಲನ್ನು ಖಾಲಿ ಬಿಟ್ಟು ಮತ್ತೊಮ್ಮೆ ಎಂಟರ್ ಒತ್ತಿದೊಡನೆ ಎಲ್ಲ ಸರಿ ಎನ್ನುವ 200 ಎಂಬ ಉತ್ತರ, ಅದರ ತಲೆಬರಹಗಳು, ಅವುಗಳ ಕೆಳಗೆ ನಿಮ್ಮ ಪುಟ, ಎಲ್ಲವೂ ಬಿಡಿಬಿಡಿಯಾಗಿ ಮುಂದೆ ಬಂದು ಬೀಳುತ್ತವೆ. ಬ್ರೌಸರ್ ಒಳಗೊಳಗೇ ಮಾಡುವುದು ಇದನ್ನೇ. ಈಗ ಹೋಸ್ಟ್ ಸಾಲನ್ನು ಬಿಟ್ಟು ಅದೇ ಕೋರಿಕೆ ಕಳುಹಿಸಿ ನೋಡಿ: 400 ಎಂಬ ನಿರಾಕರಣೆ ಬರುತ್ತದೆ. ಎಚ್‌ಟಿಟಿಪಿ 1.1ರಲ್ಲಿ ಆ ಸಾಲು ಕಡ್ಡಾಯ. ಒಂದೇ ವಿಳಾಸದಲ್ಲಿ ಹತ್ತಾರು ತಾಣಗಳು ಬದುಕಲು ಸಾಧ್ಯವಾಗಿರುವುದು ಅದರ ಬಲದಿಂದಲೇ.

ಜೊತೆಗೆ ಇನ್ನೊಂದು ಟರ್ಮಿನಲ್ಲಿನಲ್ಲಿ ಎಂಜಿನ್‌ಎಕ್ಸಿನ ಆ್ಯಕ್ಸೆಸ್ ಲಾಗನ್ನು ಟೈಲ್ ಆದೇಶದ ಎಫ್ ಆಯ್ಕೆಯಿಂದ ತೆರೆದಿಡಿ. ಕೇಳಿದವರ ಐಪಿ ವಿಳಾಸ, ಸಮಯ, ಕೋರಿಕೆಯ ಸಾಲು, ಉತ್ತರದ ಸಂಖ್ಯೆ, ಕಳುಹಿಸಿದ ಬೈಟುಗಳು, ಎಲ್ಲಿಂದ ಬಂದರು, ಯಾವ ಬ್ರೌಸರ್ ಎಂಬ ಎಲ್ಲವೂ ಒಂದೊಂದು ಸಾಲಿನಲ್ಲಿರುತ್ತವೆ. ಫೈಲನ್ನು ತಿದ್ದಿದರೂ ಬ್ರೌಸರಿನಲ್ಲಿ ಹಳೆಯ ಪುಟವೇ ಕಾಣುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಲಾಗನ್ನು ನೋಡಬೇಕು. ಅಲ್ಲಿ ಹೊಸ ಸಾಲೇ ಮೂಡಿಲ್ಲವಾದರೆ ಬ್ರೌಸರ್ ಕೇಳಿಯೇ ಇಲ್ಲ, ತನ್ನ ಸಂಗ್ರಹದಿಂದ ತೋರಿಸಿದೆ; 304 ಎಂದಿದ್ದರೆ ಕೇಳಿದೆ, ಆದರೆ ಬದಲಾಗಿಲ್ಲ ಎಂಬ ಉತ್ತರ ಪಡೆದಿದೆ, ಎಂದರೆ ನೀವು ತಿದ್ದಿದ್ದು ಬೇರೆ ಯಾವುದೋ ಫೈಲು. ದೋಷಗಳ ಕಾರಣ ಬರೆಯುವ ಎರರ್ ಲಾಗ್ ಪಕ್ಕದಲ್ಲಿಯೇ ಇರುತ್ತದೆ. ಬ್ರೌಸರ್ ಹೇಳಿದ್ದನ್ನು ನಂಬಿ ಊಹೆ ಮಾಡುವುದಕ್ಕಿಂತ ಈ ಎರಡು ಲಾಗುಗಳನ್ನು ಓದುವವನು ಬೇಗ ಗುರಿ ಮುಟ್ಟುತ್ತಾನೆ.

ಹೆಸರುಗಳು, ಒಂದಕ್ಕಿಂತ ಹೆಚ್ಚು ತಾಣಗಳು

ಸಂಖ್ಯೆಗಳ ಬದಲು ಹೆಸರಿನಿಂದ ಕರೆಯಲು, ಬ್ರೌಸರ್ ಇರುವ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ವಿಳಾಸವನ್ನೂ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಅದನ್ನು ಸರ್ವರಿನ ಹೋಸ್ಟ್ಸ್ ಫೈಲಿನಲ್ಲಿ ಬರೆದು ಏನೂ ಆಗಲಿಲ್ಲವಲ್ಲ ಎನ್ನುವವರು ಬಹಳ. ಹೆಸರಿನ ಕೊನೆಗೆ ಡಾಟ್ ಟೆಸ್ಟ್ ಎಂದಿರಲಿ. ಪರೀಕ್ಷೆಗೆಂದೇ ಅದನ್ನು 1999ರಲ್ಲಿ ಮೀಸಲಿಡಲಾಗಿದೆ, ಯಾರಿಗೂ ಮಾರುವುದಿಲ್ಲ. ಡಾಟ್ ಡೆವ್ ಎಂಬುದು ಚೆಂದವಾಗಿ ಕಂಡರೂ ಬೇಡ, ಏಕೆಂದರೆ ಅದು ನಿಜವಾಗಿ ಮಾರಾಟದಲ್ಲಿರುವ ಹೆಸರು, ಮೇಲಾಗಿ ಅದರ ಎಲ್ಲ ತಾಣಗಳನ್ನೂ ಸಂದೇಶಗಳನ್ನು ಗುಪ್ತವಾಗಿ ಸಾಗಿಸುವ ಎಚ್‌ಟಿಟಿಪಿಎಸ್ ಮೂಲಕವೇ ತೆರೆಯಬೇಕೆಂಬ ನಿಯಮ ಬ್ರೌಸರುಗಳೊಳಗೇ ಅಡಕವಾಗಿದೆ. ಹೋಸ್ಟ್ಸ್ ಫೈಲು ಮುಟ್ಟಲು ಬಿಡದ ಫೋನುಗಳಿಗೆ ರೂಟರಿನಲ್ಲಿ ಡಿಎನ್‌ಎಸ್‌ಗೆ, ಅಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ, ಸ್ಥಳೀಯ ಹೆಸರು ಸೇರಿಸುವ ಅವಕಾಶವಿದ್ದರೆ ಅದು ಸುಲಭದ ದಾರಿ.

ಇನ್ನು ಎರಡು ತಾಣಗಳನ್ನು ಕಟ್ಟಿ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪ್ರತಿ ತಾಣದ ಕಾನ್ಫಿಗರೇಶನ್ ಸೈಟ್ಸ್-ಅವೈಲಬಲ್ ಫೋಲ್ಡರಿನಲ್ಲಿ ಒಂದೊಂದು ಫೈಲಾಗಿದ್ದು, ಚಾಲ್ತಿಗೆ ಬರಬೇಕಾದವಕ್ಕೆ ಸೈಟ್ಸ್-ಎನೇಬಲ್ಡ್ ಫೋಲ್ಡರಿನಿಂದ ಕೊಂಡಿ ಹಾಕಲಾಗುತ್ತದೆ. ಸರ್ವರ್ ಎಂಬ ತುಂಡಿನೊಳಗೆ ನಾಲ್ಕು ಸಾಲುಗಳು ಸಾಕು: ಯಾವ ಪೋರ್ಟಿನಲ್ಲಿ ಕಾಯಬೇಕು, ಯಾವ ಹೆಸರಿಗೆ ಓಗೊಡಬೇಕು, ಫೈಲುಗಳು ಎಲ್ಲಿವೆ, ಮೊದಲ ಪುಟದ ಹೆಸರೇನು. ಪ್ರತಿ ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆ ಮರೆತರೆ ಫೈಲು ಪೂರ್ತಿ ಅಮಾನ್ಯ. ತಿದ್ದಿದ ಮೇಲೆ ಎಂಜಿನ್‌ಎಕ್ಸ್ ಆದೇಶಕ್ಕೆ ಟಿ ಆಯ್ಕೆ ಕೊಟ್ಟು ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ. ರೀಸ್ಟಾರ್ಟ್ ಅಲ್ಲ, ರೀಲೋಡ್: ಫೈಲಿನಲ್ಲಿ ತಪ್ಪಿದ್ದರೆ ರೀಲೋಡ್ ಹಳೆಯ ಸ್ಥಿತಿಯಲ್ಲಿಯೇ ಸರ್ವರನ್ನು ಮುಂದುವರಿಸುತ್ತದೆ, ರೀಸ್ಟಾರ್ಟ್ ಆದರೋ ಮೊದಲು ಅದನ್ನು ನಿಲ್ಲಿಸಿ ಆಮೇಲೆ ಎಬ್ಬಿಸಲಾಗದೆ ಕೈಚೆಲ್ಲುತ್ತದೆ. ಯಾವ ಹೆಸರಿಗೂ ಹೊಂದದ ಕೋರಿಕೆ ಬಂದರೆ, ಡೀಫಾಲ್ಟ್ ಸರ್ವರ್ ಎಂದು ಗುರುತಿಸಿದ ತಾಣ ಉತ್ತರಿಸುತ್ತದೆ. ಕೇಳಿದ್ದೊಂದು ತಾಣ, ಬಂದದ್ದು ಇನ್ನೊಂದು ಎಂಬ ಗೊಂದಲಕ್ಕೆ ಬಹುತೇಕ ಕಾರಣ ಇದೇ. ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳುಹಿಸುವುದನ್ನು ಕಲಿಯುವಾಗ 302 ಬಳಸಿ. ಶಾಶ್ವತ ಎಂಬ ಅರ್ಥದ 301ನ್ನು ಬ್ರೌಸರುಗಳು ನೆನಪಿಟ್ಟುಕೊಳ್ಳುವುದರಿಂದ, ನೀವು ನಿಯಮವನ್ನು ಅಳಿಸಿದ ಮೇಲೂ ಅವು ಹಳೆಯ ದಾರಿಯನ್ನೇ ಹಿಡಿಯುತ್ತವೆ.

ಸ್ಥಿರ ಪುಟಗಳಿಂದ ಮುಂದೆ ಹೋಗಿ, ನೀವೇ ಬರೆದ ಪ್ರೋಗ್ರಾಮನ್ನು ನಡೆಸಬಯಸಿದರೆ ಅದನ್ನು 127.0.0.1ರ 3000ದಂಥ ಪೋರ್ಟಿನಲ್ಲಿ ಮಾತ್ರ ಕಾಯುವಂತೆ ಮಾಡಿ, ಎಂಜಿನ್‌ಎಕ್ಸಿನ ಪ್ರಾಕ್ಸಿ-ಪಾಸ್ ಸಾಲಿನಿಂದ ಕೋರಿಕೆಗಳನ್ನು ಅದಕ್ಕೆ ದಾಟಿಸಬೇಕು. 502 ಎಂಬ ಉತ್ತರ ಬಂದರೆ ಎಂಜಿನ್‌ಎಕ್ಸ್ ಬದುಕಿದೆ, ಹಿಂದಿನ ಪ್ರೋಗ್ರಾಮು ಸತ್ತಿದೆ. ಆ ಪ್ರೋಗ್ರಾಮಿಗೆ ಎಲ್ಲರೂ 127.0.0.1ರಿಂದಲೇ ಬಂದಂತೆ ಕಾಣುವುದರಿಂದ, ನಿಜವಾದ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ತಲೆಬರಹದಲ್ಲಿ ಕಳುಹಿಸಿಕೊಡಬೇಕು. ಡೇಟಾಬೇಸುಗಳೂ, ಅಂದರೆ ಮರಿಯಾಡಿಬಿಯ 3306, ಪೋಸ್ಟ್‌ಗ್ರೆಸ್‌ಕ್ಯುಎಲ್‌ನ 5432 ಪೋರ್ಟುಗಳೂ, ಇದೇ ರೀತಿ ಒಳಗಿನ ವಿಳಾಸದಲ್ಲಿ ಮಾತ್ರ ತೆರೆದಿರಲಿ.

ಅಂತರಜಾಲಕ್ಕೆ ತೆರೆಯುವುದಾದರೆ

ಮೊದಲು ಫೈರ್‌ವಾಲ್. ಅದನ್ನು ಹೊಂದಿಸುವ ಯುಎಫ್‌ಡಬ್ಲ್ಯೂ ಆದೇಶ ಬಳಸುವವರು ಎಸ್‌ಎಸ್‌ಎಚ್‌ಗೆ ಅನುಮತಿ, 80 ಮತ್ತು 443ಕ್ಕೆ ಅನುಮತಿ, ಆಮೇಲೆ ಅದನ್ನು ಚಾಲೂ ಮಾಡುವುದು, ಈ ಕ್ರಮ ತಪ್ಪಿಸಬಾರದು. ಚಾಲೂ ಮಾಡಿದ ಮೇಲೆ ಅನುಮತಿ ಕೊಡೋಣ ಎಂದವರು ತಮ್ಮ ಸರ್ವರಿನಿಂದ ತಾವೇ ಹೊರಗುಳಿಯುತ್ತಾರೆ. ಭದ್ರತಾ ಪರಿಷ್ಕರಣೆಗಳು ತಾವಾಗಿಯೇ ಬಂದು ಸೇರುವಂತೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪ್ಯಾಕೇಜನ್ನು ಇಟ್ಟುಕೊಳ್ಳಿ. ನಿಮ್ಮ ಅಂತರಜಾಲ ಸಂಪರ್ಕದ ಕರಾರು ಮನೆಯಿಂದ ಸರ್ವರ್ ನಡೆಸಲು ಬಿಡುತ್ತದೆಯೇ ಎಂಬುದನ್ನೂ ಓದಿ ನೋಡಿ.

ಆಮೇಲೆ ರೂಟರಿನ ಆಡಳಿತ ಪುಟದಲ್ಲಿ ಅದರ ಹೊರಮುಖದ ವಿಳಾಸವನ್ನು ಗಮನಿಸಿ. ಅದು ಖಾಸಗಿ ವಿಳಾಸವಾಗಿದ್ದರೆ, ಅಥವಾ 100.64ರಿಂದ 100.127ರವರೆಗಿನ ವ್ಯಾಪ್ತಿಯಲ್ಲಿದ್ದರೆ, ಸೇವೆ ಕೊಡುವ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದು ತಿಳಿಯಬೇಕು; ಆಗ ರೂಟರಿನಲ್ಲಿ ಏನು ಮಾಡಿದರೂ ಹೊರಗಿನ ಕೋರಿಕೆ ನಿಮ್ಮವರೆಗೆ ಬರುವುದಿಲ್ಲ. ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ಒಳಗಿನಿಂದಲೇ ಹೊರಗೆ ಸಂಪರ್ಕ ಬೆಳೆಸುವ ಕ್ಲೌಡ್‌ಫ್ಲೇರ್ ಟನೆಲ್‌ನಂಥ ಸುರಂಗ ಸೇವೆಯ ಮೊರೆ ಹೋಗಬೇಕು. ನಿಮ್ಮ ಸ್ವಂತ ಯಂತ್ರಗಳಿಂದ ಮಾತ್ರ ತಲುಪಿದರೆ ಸಾಕು ಎನ್ನುವವರಿಗೆ ಯಂತ್ರಗಳ ನಡುವೆ ಖಾಸಗಿ ಜಾಲ ಕಟ್ಟುವ, ವೈರ್‌ಗಾರ್ಡ್ ಆಧಾರಿತ ಟೇಲ್‌ಸ್ಕೇಲ್ ಸಾಕು, ಪೋರ್ಟು ತೆರೆಯುವ ಗೊಡವೆಯೇ ಇರುವುದಿಲ್ಲ.

ಸಾರ್ವಜನಿಕ ವಿಳಾಸವಿದ್ದರೆ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ವಿಭಾಗದಲ್ಲಿ 80 ಮತ್ತು 443ನ್ನು ಮಾತ್ರ 192.168.1.50ಕ್ಕೆ ತಿರುಗಿಸಿ. ಎಸ್‌ಎಸ್‌ಎಚ್‌ನ 22ನ್ನೂ ಜೊತೆಗೆ ತೆರೆದಿಡುವ ಅಭ್ಯಾಸ ಬೇಡ. ಪರೀಕ್ಷೆಯನ್ನು ಮನೆಯ ವೈಫೈ ಬಿಟ್ಟು ಫೋನಿನ ಮೊಬೈಲ್ ಡೇಟಾದಿಂದ ಮಾಡಿ, ಏಕೆಂದರೆ ಒಳಗಿನಿಂದಲೇ ತನ್ನ ಹೊರವಿಳಾಸಕ್ಕೆ ಹೋದ ಕೋರಿಕೆಯನ್ನು ಮರಳಿ ಒಳಗೆ ತರಲು ಎಲ್ಲ ರೂಟರುಗಳಿಗೂ ಬರುವುದಿಲ್ಲ. ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಇರುವ ಮನೆಗಳಲ್ಲಿ ಪ್ರತಿ ಯಂತ್ರಕ್ಕೂ ಸಾರ್ವಜನಿಕ ವಿಳಾಸವೇ ಇರುವುದರಿಂದ ಅಲ್ಲಿ ಕಾಪಾಡುವುದು ರೂಟರಿನ ಮತ್ತು ಯಂತ್ರದ ಫೈರ್‌ವಾಲ್ ಮಾತ್ರ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ತೆರೆದ ಸ್ವಲ್ಪ ಹೊತ್ತಿನಲ್ಲಿಯೇ ಆ್ಯಕ್ಸೆಸ್ ಲಾಗಿನಲ್ಲಿ ಗುರುತಿಲ್ಲದ ವಿಳಾಸಗಳು ಕಾಣಿಸಿಕೊಳ್ಳುತ್ತವೆ. ನೀವು ಹಾಕಿರದ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ, ಪಾಸ್‌ವರ್ಡುಗಳಿರುವ ಡಾಟ್ ಎನ್ವ್ ಫೈಲು, ಪ್ರೋಗ್ರಾಮಿನ ಹಳೆಯ ಆವೃತ್ತಿಗಳನ್ನಿಡುವ, ಮರೆತುಬಿಟ್ಟಿರಬಹುದಾದ ಡಾಟ್ ಗಿಟ್ ಫೋಲ್ಡರ್, ಇವುಗಳನ್ನು ಅವು ಹುಡುಕುತ್ತಿರುತ್ತವೆ. ಇವು ನಿಮ್ಮನ್ನೇ ಗುರಿಯಾಗಿಸಿಕೊಂಡವಲ್ಲ, ಇಡೀ ಅಂತರಜಾಲವನ್ನು ತಡಕುವ ಪ್ರೋಗ್ರಾಮುಗಳು. 404 ಪಡೆದು ಹೋಗುತ್ತವೆ. ಆದರೆ ಅಂಥ ಫೈಲೊಂದು ನಿಜವಾಗಿಯೂ ಅಲ್ಲಿದ್ದರೆ 200 ಪಡೆದು ಹೋಗುತ್ತವೆ. ಪ್ರಾಜೆಕ್ಟಿನ ಫೋಲ್ಡರನ್ನು ಇಡಿಯಾಗಿ ತಂದು ವೆಬ್ ಫೋಲ್ಡರಿಗೆ ಸುರಿಯಬಾರದೆನ್ನುವುದು ಇದಕ್ಕಾಗಿಯೇ. ಸರ್ವರಿಗೆ ಮನೆಯ ಉಳಿದ ಯಂತ್ರಗಳಿಂದ ಬೇರೆಯಾದ ಜಾಲವನ್ನು ಕೊಡಲು ನಿಮ್ಮ ರೂಟರಿಗೆ ಬರುವುದಾದರೆ ಈಗ ಅದನ್ನು ಬಳಸಿಕೊಳ್ಳುವ ಸಮಯ.

ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ. ಸ್ವಂತ ಡೊಮೇನ್ ಹೆಸರೊಂದು ಬೇಕು. ಮನೆಯ ಹೊರವಿಳಾಸ ಬದಲಾಗುತ್ತಿದ್ದರೆ ಅದನ್ನು ಹಿಂಬಾಲಿಸುವ ಡೈನಾಮಿಕ್ ಡಿಎನ್‌ಎಸ್ ಕೂಡ ಬೇಕು. ಸರ್ಟ್‌ಬಾಟ್ ಪ್ರೋಗ್ರಾಮು ಪ್ರಮಾಣಪತ್ರ ಕೇಳಿದಾಗ ಆ ಹೆಸರು ನಿಮ್ಮದೇ ಎಂಬುದಕ್ಕೆ ಸಾಕ್ಷಿ ಬೇಕಾಗುತ್ತದೆ. ಒಂದು ವಿಧಾನದಲ್ಲಿ 80ನೆಯ ಪೋರ್ಟಿನ ಮೂಲಕ ನಿಮ್ಮ ಸರ್ವರಿನಲ್ಲಿಟ್ಟ ಫೈಲೊಂದನ್ನು ಅವರು ಓದುತ್ತಾರೆ. ಇನ್ನೊಂದರಲ್ಲಿ ಡಿಎನ್‌ಎಸ್‌ನಲ್ಲಿ ನೀವು ಬರೆದ ಸಾಲನ್ನು ನೋಡುತ್ತಾರೆ. ಎರಡನೆಯದಕ್ಕೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲವಾದ್ದರಿಂದ, ಮನೆಯೊಳಗೆ ಮಾತ್ರ ನಡೆಯುವ ತಾಣಕ್ಕೂ ಬ್ರೌಸರ್ ಒಪ್ಪುವ ಪ್ರಮಾಣಪತ್ರ ಸಿಗುತ್ತದೆ. ಕೋರಿಕೆಗಳಿಗೆ ಮಿತಿಯಿದೆ, ಕಲಿಯುವಾಗ ಅವರ ಸ್ಟೇಜಿಂಗ್ ಎಂಬ ಪರೀಕ್ಷಾ ವ್ಯವಸ್ಥೆಯಲ್ಲಿ ಪ್ರಯೋಗ ಮುಗಿಸಿ, ಎಲ್ಲ ಸರಿಯಾದ ಮೇಲೆ ನಿಜವಾದುದನ್ನು ಕೇಳಬೇಕು. ಅದರ ಅವಧಿ ಕೆಲವೇ ವಾರಗಳದ್ದಾದ್ದರಿಂದ ನವೀಕರಣ ತಾನಾಗಿ ನಡೆಯುತ್ತದೆಯೇ ಎಂಬುದನ್ನು ಡ್ರೈ-ರನ್ ಆಯ್ಕೆಯಿಂದ ಮೊದಲೇ ಪರೀಕ್ಷಿಸಿ.

ಕಲಿಕೆ ಮುಗಿದು ಸರ್ವರನ್ನು ಮುಚ್ಚುವಾಗ ಯಂತ್ರ ಆರಿಸಿದರೆ ಕೆಲಸ ಮುಗಿಯುವುದಿಲ್ಲ. ರೂಟರಿನ ಫಾರ್ವರ್ಡಿಂಗ್ ನಿಯಮಗಳು ಹಾಗೆಯೇ ಉಳಿದರೆ, ಮುಂದೆ ಅದೇ ಒಳವಿಳಾಸ ಪಡೆದ ಇನ್ನಾವುದೋ ಯಂತ್ರ ಅರಿವಿಲ್ಲದೆಯೇ ಅಂತರಜಾಲಕ್ಕೆ ತೆರೆದುಕೊಳ್ಳುತ್ತದೆ. ಡಿಎನ್‌ಎಸ್‌ನ ಸಾಲು ಉಳಿದರೆ, ನಿಮ್ಮ ಹೆಸರು ಮುಂದೊಂದು ದಿನ ಆ ಹೊರವಿಳಾಸ ಪಡೆದ ಅಪರಿಚಿತರ ಯಂತ್ರವನ್ನು ತೋರಿಸುತ್ತಿರುತ್ತದೆ. ಆದ್ದರಿಂದ ಮೊದಲು ಫಾರ್ವರ್ಡಿಂಗ್ ನಿಯಮಗಳನ್ನು, ಆಮೇಲೆ ಡಿಎನ್‌ಎಸ್ ಸಾಲುಗಳನ್ನು ಮತ್ತು ರೂಟರಿನಲ್ಲಿ ಕಾಯ್ದಿರಿಸಿದ ವಿಳಾಸವನ್ನು ಅಳಿಸಿ, ಕಾನ್ಫಿಗರೇಶನ್ ಫೈಲುಗಳನ್ನೂ ಪುಟಗಳನ್ನೂ ಬೇರೆಡೆಗೆ ನಕಲಿಸಿಕೊಂಡು, ಅನಂತರ ಯಂತ್ರವನ್ನು ಆರಿಸಬೇಕು.